ಹಲೀನಾರ ಮ್ಯೂಸಿಯಂಗೆ ಶೇಖಪ್ಪನವರ ಪಂಚನಾಮೆ

ಗದಗ ಜಿಲ್ಲೆಯಲ್ಲಿ ಮೂವತ್ತಾರು ವರ್ಷ ಭೂಮಾಪಕರಾಗಿದ್ದ ಶೇಖಪ್ಪನವರು ಸ್ಯಾನ್ ಡಿಯೇಗೊಗೆ ಎರಡು ಸೂಟ್‌ಕೇಸ್ ತಂದರು. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಮೂವತ್ತು ಮೀಟರಿನ ಟೇಪು, ಕಾರ್ಬನ್ ಹಾಳೆ, ಹೆಬ್ಬೆಟ್ಟಿನ ಇಂಕ್ ಪ್ಯಾಡು. ರ್ಯಾಂಚೊ ಪೆನಾಸ್ಕಿಟೋಸ್‌ನ ಮಗಳ ಮನೆಗೆ ಬಂದ ವಾರವೇ ಬೇಲಿ ಅಳೆದು, ಅದು ಪಕ್ಕದವರ ಜಾಗಕ್ಕೆ ಏಳು ಇಂಚು ಸರಿದಿದೆಯೆಂದು ತಾವೇ ಹೋಗಿ ಪಕ್ಕದವರಿಗೆ ಹೇಳಿ ಬಂದರು. ಮಗಳು ಮೇಘಾ ಎರಡು ದಿನ ಮಾತು ಬಿಟ್ಟಳು.

ಆ ಪಕ್ಕದ ಮನೆಯಲ್ಲಿ, ಮಗನ ಜೊತೆ, ಹಲೀನಾ ಇದ್ದರು. ಉಕ್ರೇನಿನ ನದೀತೀರದ ಒಂದು ಸಣ್ಣ ಊರಿನ ಮ್ಯೂಸಿಯಂ ನೋಡಿಕೊಂಡಿದ್ದವರು. ೨೦೨೨ರಲ್ಲಿ ದಂಡೆತ್ತಿ ಬಂದ ಸೈನ್ಯ ಊರನ್ನು ಹಿಡಿಯಿತು. ಐದು ವಾರ ಅವರು ಅದರ ಕೆಳಗೆ ಬದುಕಿದರು: ಬ್ರೆಡ್ಡಿಗೆ ಸಾಲು, ರಸ್ತೆ ದಾಟಲು ಚೀಟಿ, ಮ್ಯೂಸಿಯಮ್ಮಿನ ಕಸೂತಿ ಬಟ್ಟೆಯಲ್ಲಿ ಬೂಟು ಒರೆಸುವ ಸಿಪಾಯಿಗಳು. ಹಲೀನಾ ಊರು ಬಿಡುವ ಹಿಂದಿನ ದಿನ ಮ್ಯೂಸಿಯಮ್ಮಿನ ಕಟ್ಟಡ ಉರಿದದ್ದನ್ನು ಕಣ್ಣಾರೆ ಕಂಡಿದ್ದರು.

ಲಾಸ್ ಏಂಜಲೀಸಿನ ಕೆಲವು ಸಂಶೋಧಕರು ಉಪಗ್ರಹದ ಚಿತ್ರ ನೋಡಿ, ಯುದ್ಧದಲ್ಲಿ ಯಾವ ಹಳೆಯ ಕಟ್ಟಡ ಹಾಳಾಯಿತು, ಯಾವುದು ಉಳಿಯಿತು ಎಂದು ಪಟ್ಟಿ ಮಾಡುತ್ತಿದ್ದರು. ಅದರಲ್ಲಿ ಹಲೀನಾರ ಮ್ಯೂಸಿಯಂ ಎದುರಿಗೆ "ಹಾನಿ ಕಂಡುಬಂದಿಲ್ಲ" ಎಂದಿತ್ತು. ಹಲೀನಾ ಮೂರು ಪತ್ರ ಬರೆದರು. ಪುರಾವೆ ಕಳಿಸಿ ಎಂಬ ಉತ್ತರ ಬಂತು. ಪುರಾವೆಯೆಲ್ಲ ಮ್ಯೂಸಿಯಮ್ಮಿನ ಜೊತೆಗೇ ಸುಟ್ಟಿತ್ತು.

"ಸ್ಥಳ ಪಂಚನಾಮಿ ಮಾಡೂಣ್ರಿ," ಎಂದರು ಶೇಖಪ್ಪ. "ಮೇಡಮ್ಮಾರ, ಅವ್ರಿಗೆ ಇಂಗ್ಲಿಷಿನಾಗ ಹೇಳ್ರಿ."

ಬೆಂಗಳೂರಿನಲ್ಲಿ ಇತಿಹಾಸ ಪಾಠ ಮಾಡಿ, ಈಗ ಅದೇ ಬೀದಿಯ ಮಗನ ಮನೆಯಲ್ಲಿದ್ದ ನನ್ನನ್ನು ದುಭಾಷಿ ಮಾಡಿದ್ದರು. "ಸ್ಥಳ ಆರು ಸಾವಿರ ಮೈಲಿ ದೂರ ಇದೆ," ಎಂದೆ.

"ನಾವು ಹೋಗಾಕ ಆಗ್ಲಿಲ್ಲಂದ್ರ ಸ್ಥಳಾನ ಇಲ್ಲಿಗೆ ಕರಸೂಣು."

ಭಾನುವಾರ ಬೆಳಿಗ್ಗೆ ಕಾಲೊನಿಯ ಟೆನಿಸ್ ಕೋರ್ಟಿನಲ್ಲಿ ಸ್ಥಳ ಸಿದ್ಧವಾಯಿತು. ಇಪ್ಪತ್ತೊಂಬತ್ತು ವರ್ಷ ಮ್ಯೂಸಿಯಮ್ಮಿನಲ್ಲಿ ತಾವೇ ಕಸ ಗುಡಿಸಿದ್ದ ಹಲೀನಾಗೆ ಬಾಗಿಲಿನಿಂದ ಒಲೆಗೆ ಹದಿನೇಳು ಹೆಜ್ಜೆ ಎಂಬುದು ಕಾಲಿಗೇ ಗೊತ್ತಿತ್ತು. ಶೇಖಪ್ಪ ಹಲೀನಾರ ಹೆಜ್ಜೆಯನ್ನು ಮೂರು ಸಲ ಅಳೆದರು. ಇಪ್ಪತ್ತೆರಡು ಇಂಚು. ಅವರು ನಡೆದಂತೆ ಇವರು ಸೀಮೆಸುಣ್ಣದಲ್ಲಿ ಗೋಡೆ ಎಳೆದರು. ಆಮೇಲೆ ವಸ್ತುಗಳ ಜಾಗದಲ್ಲಿ ಪಂಚರನ್ನು ನಿಲ್ಲಿಸಿದರು.

"ಚೆನ್ನಮ್ಮ, ನೀ ಒಲಿ. ಮೂಲ್ಯಾಗ ನಿಂದರು."

ಹೆಂಡತಿ ಸೊಂಟಕ್ಕೆ ಕೈಯಿಟ್ಟರು. "ನಲವತ್ತು ವರ್ಷ ಒಲಿ ಮುಂದ ನಿಂತೀನಿ. ಈಗ ಒಲೀನ ಆಗಬೇಕೇನು?"

ಮೈಸೂರಿನ ನಿವೃತ್ತ ಕಣ್ಣಿನ ಡಾಕ್ಟರ್ ಗೋಪಿನಾಥ್ ಹುಲ್ಲು ತುಂಬಿದ ತೋಳವಾದರು. "ಬಾಯಿ ತೆಗೀಬೇಕಾ ಸಾರ್, ಮುಚ್ಚಿರಬೇಕಾ?" ಎಂದು ಕೇಳಿದರು. ತೆಗೆದಿತ್ತು ಎಂದು ಹಲೀನಾ ಖಚಿತಪಡಿಸಿದ ಮೇಲೆ ನಲವತ್ತು ನಿಮಿಷ ತೆಗೆದೇ ಇಟ್ಟರು. ಮೇಘಾ ನಾಣ್ಯದ ಪೆಟ್ಟಿಗೆ. ನಾನು ಮಗ್ಗ. ಕುರ್ಚಿ ಕೊಟ್ಟರೆ ಮಾತ್ರ ಎಂದೆ, ಕೊಟ್ಟರು.

ಅಷ್ಟರಲ್ಲಿ ಕಾಲೊನಿಯ ಸಂಘದ ಮನುಷ್ಯ ದೂರು ಕೇಳಿ ಓಡಿ ಬಂದ. ಶೇಖಪ್ಪ ಕೂಗಿದರು: "ಏ, ಸ್ಟಾಪ್! ಯೂ ಆರ್ ಇನ್ ವಿಂಡೋ!"

ಅವನು ಗಾಬರಿಯಿಂದ ಪಕ್ಕಕ್ಕೆ ಜಿಗಿದ. ಜಿಗಿದ ಮೇಲೆ ಕಿಟಕಿ ಇದೆಯೆಂದು ಒಪ್ಪಿದಂತಾಯಿತು. ಹಲೀನಾ ಅವನಿಗೆ ವಿಷಯ ವಿವರಿಸಿದರು. ಅವನು ಟೋಪಿ ತೆಗೆದು, ಬಾಗಿಲು ಎಲ್ಲಿ ಎಂದು ಕೇಳಿ, ಅದರ ಮೂಲಕವೇ ಒಳಗೆ ಬಂದ. ಐದನೆಯ ಪಂಚ ಸಿಕ್ಕಿದ.

ಪಂಚನಾಮೆ ಮುಗಿಯಿತು ಎಂದುಕೊಂಡೆ. ಶೇಖಪ್ಪ ಒಪ್ಪಲಿಲ್ಲ. "ಚೆಕ್ಕುಬಂದಿ ಇಲ್ಲದ ಕಾಗದ ಕಾಗದ ಏನ್ರೀ? ಅಕ್ಕಾರ, ನಾಲ್ಕೂ ದಿಕ್ಕಿಗೆ ಏನೇನ ಅದಾವ ಹೇಳ್ರಿ."

ಪೂರ್ವಕ್ಕೆ ಬೇಕರಿ. ಪಶ್ಚಿಮಕ್ಕೆ ಔಷಧದಂಗಡಿ. ಉತ್ತರಕ್ಕೆ ನದಿ. ದಕ್ಷಿಣಕ್ಕೆ ಶಾಲೆ. ಬರೆದು, ಐದೂ ಜನರ ಸಹಿಯ ಜೊತೆ ಹೆಬ್ಬೆಟ್ಟು ಒತ್ತಿಸಿದರು. ನಾನು ಪಿಎಚ್.ಡಿ. ಮಾಡಿದವಳು ಎಂದೆ. "ಒತ್ರಿ," ಎಂದರು.

ಮೇಘಾ ಮರುವಾರ ನಮ್ಮನ್ನು ಲಾಸ್ ಏಂಜಲೀಸಿಗೆ ಡ್ರೈವ್ ಮಾಡಿಕೊಂಡು ಹೋದಳು. ಸಂಶೋಧಕಿ ಚಿಕ್ಕ ವಯಸ್ಸಿನವಳು. ಹೆಬ್ಬೆಟ್ಟುಗಳನ್ನು ನೋಡಿ ತುಟಿ ಕಚ್ಚಿ ನಗು ತಡೆದಳು. ನಾನು ಚೆಕ್ಕುಬಂದಿ ಅನುವಾದಿಸಿದಾಗ ನಗು ನಿಂತಿತು. ಅವರು ಗುರುತು ಹಾಕಿದ್ದ ಕಟ್ಟಡದ ಪಶ್ಚಿಮಕ್ಕೆ ಬರೀ ರಸ್ತೆಯಿತ್ತು; ಅಂದರೆ ಅವರು ಮ್ಯೂಸಿಯಂ ಎಂದುಕೊಂಡದ್ದು ಔಷಧದಂಗಡಿಯನ್ನು. ಅದರ ಪೂರ್ವಕ್ಕೆ, ನಿಜವಾದ ಮ್ಯೂಸಿಯಂ ಇದ್ದಲ್ಲಿ, ಛಾವಣಿಯಿಲ್ಲದ ಕಪ್ಪು ಚೌಕ. ಅವಳು ಪರದೆಯ ಮೇಲೆ ಅದರ ಉದ್ದ ಅಳೆದಳು: ಅರವತ್ತೈದು ಅಡಿ. ನಮ್ಮ ಕಾಗದದಲ್ಲಿ ಅರವತ್ತನಾಲ್ಕು.

"ನಿಮ್ಮ ಉಪಗ್ರಹ ಒಂದ ಫೂಟ್ ಹೆಚ್ಚಿಗಿ ತೋರಸ್ತದ," ಎಂದರು ಶೇಖಪ್ಪ. ಇದನ್ನು ನಾನು ಅನುವಾದಿಸಲಿಲ್ಲ.

ಅವಳು ಪಟ್ಟಿ ತಿದ್ದಿದಳು: "ಪೂರ್ತಿ ನಾಶ." ಶೇಖಪ್ಪ "ಗೆದ್ವಿ!" ಎಂದು ಚಪ್ಪಾಳೆ ತಟ್ಟಿದರು. ಚೆನ್ನಮ್ಮ ತೋಳು ಚಿವುಟಿ ನಿಲ್ಲಿಸಿದರು.

"ತಟ್ಟಲಿ ಬಿಡಿ," ಎಂದರು ಹಲೀನಾ. "ಇಷ್ಟು ದಿನ ನನ್ನನ್ನು ಸುಳ್ಳುಗಾತಿ ಅಂದುಕೊಂಡಿದ್ದರು." ತಾವೂ ಎರಡು ಸಲ ತಟ್ಟಿ, ಕಣ್ಣೊರೆಸಿಕೊಂಡು, ಪಟ್ಟಿಯ ಒಂದು ಪ್ರತಿ ಕೊಡಿ ಎಂದು ಕೇಳಿದರು. ಆ ಪ್ರತಿ ಓದುತ್ತಾ ಕಾರಿನಲ್ಲಿ ಕುಳಿತಿದ್ದವರು, ಪಟ್ಟಿಯಲ್ಲಿ ಶಾಲೆಯೇ ಇಲ್ಲ ಎಂದರು. ನೂರು ವರ್ಷದ ಶಾಲೆ.

ಶೇಖಪ್ಪ ಪೆನ್ಸಿಲ್ ತೆಗೆದರು. "ಉತ್ತರಕ್ಕ?"

"ಮ್ಯೂಸಿಯಂ."

"ಅದು ಸುಟ್ಟೈತಲ್ಲ," ಎಂದರು ಚೆನ್ನಮ್ಮ.

"ಸುಟ್ರ ದಿಕ್ಕೂ ಸುಡತದೇನ?" ಎಂದು ಗದರಿ, ಶೇಖಪ್ಪ ಬರೆದುಕೊಂಡರು. ಹಲೀನಾ ಆಗಲೇ ಪೂರ್ವ ಹೇಳುತ್ತಿದ್ದರು.