ಓಲ್ಡ್ ಟೌನಿನ ಹರಾಜು ಮನೆ

ರವೀಂದ್ರನಗರದ ಬಾಡಿಗೆ ಮನೆಯನ್ನು ಓನರ್ ತಮ್ಮ ಮಗಳಿಗೆ ಬೇಕೆಂದು ಬಿಡಿಸಿದಾಗ, ಇನ್ನು ಬಾಡಿಗೆಯ ಸಹವಾಸ ಸಾಕು ಎಂದು ನಾನೂ ನನ್ನ ಗಂಡನೂ ಸವಳಂಗ ರಸ್ತೆಯ ಒಬ್ಬ ಬ್ರೋಕರ್ ಹತ್ತಿರ ಹೋದೆವು. ನಮ್ಮ ಕೈಗೆ ಎಟುಕುವುದು ಬ್ಯಾಂಕಿನವರು ಜಪ್ತಿ ಮಾಡಿ ಹರಾಜಿಗಿಟ್ಟ ಮನೆಗಳು ಮಾತ್ರ ಎಂದು ಅವರು ಮೊದಲ ದಿನವೇ ಹೇಳಿಬಿಟ್ಟರು. ವಯಸ್ಸಾದ ಮನುಷ್ಯ, ಮಾತು ಕಡಿಮೆ.

ನೋಡಿದ ಒಂದು ಮನೆಯಲ್ಲಿ ಗೋಡೆಯ ಸ್ವಿಚ್ಚುಗಳನ್ನೂ ಕಿತ್ತುಕೊಂಡು ಹೋಗಿದ್ದರು. ಇನ್ನೊಂದರ ಅಡುಗೆಕಟ್ಟೆಯ ಮೇಲೆ ಬೂಷ್ಟು ಹಿಡಿದ ಉಪ್ಪಿನಕಾಯಿ ಜಾಡಿ ಹಾಗೇ ಕೂತಿತ್ತು. ಕೊನೆಗೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ಗಟ್ಟಿ ಮನೆ ಸಿಕ್ಕಿತು. ಬ್ಯಾಂಕಿನವರು ಬೀಗ ತೆಗೆದರು. ಬ್ರೋಕರ್ ಮಾತ್ರ ಗೇಟಿನ ಹೊರಗೇ ನಿಂತರು.

"ನೀವು ಬರಲ್ವಾ?" ಎಂದೆ.

"ಈ ಮನೆಯವರಿಗೆ ಸೈಟು ಕೊಡಿಸಿದ್ದು ನಾನೇ ಮೇಡಂ. ಗೃಹಪ್ರವೇಶದ ಊಟಾನೂ ಮಾಡಿದೀನಿ. ನೀವು ನೋಡ್ಕೊಂಡು ಬನ್ನಿ."

ಮನೆ ಕಟ್ಟಿಸಿದವರು ಲೇತ್ ಮೆಷಿನ್ ಇಟ್ಟುಕೊಂಡು ಊರಿನ ಉಕ್ಕಿನ ಕಾರ್ಖಾನೆಯ ಬಿಡಿ ಕೆಲಸ ಮಾಡಿಕೊಡುತ್ತಿದ್ದರಂತೆ. ಕಾರ್ಖಾನೆಯ ಕೆಲಸ ನಿಂತಿತು, ಸಾಲದ ಕಂತು ಕಟ್ಟಲಾಗಲಿಲ್ಲ. ಈಗ ಗಂಡ ಹೆಂಡತಿ ಅಲ್ಲೇ ಹಿಂದಿನ ಓಣಿಯ ಒಂದು ರೂಮಿನಲ್ಲಿದ್ದರು.

ನಮ್ಮತ್ತೆಗೆ ಮನಸ್ಸಿರಲಿಲ್ಲ. "ಅತ್ತು ಬಿಟ್ಟೋದವರ ಮನೆ ಕಣೇ ಮಾರಾಯ್ತಿ, ನಮಗೆ ಒಗ್ಗಲ್ಲ" ಎಂದರು. ಆದರೂ ಕೊಂಡೆವು.

ಹಾಲುಕ್ಕಿಸಿದ ದಿನ ಯಾರೂ ಕರೆಯದೆ ಆ ಮನೆ ಕಟ್ಟಿಸಿದವರೇ ಬಂದರು. ಹಣೆಗೆ ವಿಭೂತಿ, ಒಗೆದ ಬಿಳಿ ಪಂಚೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಒಳಗೆ ಕಾಲಿಟ್ಟವರೇ ಸೆಖೆಯೆಂದು, ನೋಡದೆಯೇ ಬಾಗಿಲ ಹಿಂದೆ ಕೈ ಹಾಕಿ ಫ್ಯಾನ್ ಹಾಕಿದರು. ಮರುಗಳಿಗೆ ನಾಚಿಕೊಂಡು ಕೈ ಹಿಂದಕ್ಕೆಳೆದುಕೊಂಡರು.

"ಓಣಿಯವರು ಏನಾದ್ರೂ ಹೇಳ್ತಾರೆ. ನಮ್ಮದು ಶಾಪ ಗೀಪ ಏನೂ ಇಲ್ಲಮ್ಮ. ಅದನ್ನ ಹೇಳೋಕೇ ಬಂದೆ," ಎಂದು ಅತ್ತೆಗೆ ಕೈಮುಗಿದರು. ಊಟಕ್ಕೆ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಅವರ ಹೆಂಡತಿ ಬಂದಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬ್ರೋಕರ್ ಫೋನ್ ಬಂತು. ಮನೆ ಕಟ್ಟಿಸಿದವರು ಹೃದಯಾಘಾತದಿಂದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. "ರೂಮಿನ ಓನರ್ ಹೆಣ ತರೋಕೆ ಬಿಡ್ತಿಲ್ಲ. ಗಾಡಿ ರಸ್ತೇಲೇ ನಿಂತಿದೆ. ಹೇಗೆ ಕೇಳೋದೋ ಗೊತ್ತಾಗ್ತಿಲ್ಲ ಮೇಡಂ..." ಎಂದರು.

ನಾನು ಗಂಡನ ಮುಖ ನೋಡಿದೆ. ಅವರು ಅತ್ತೆಯ ಮುಖ ನೋಡಿದರು. ಪೂಜೆಗೆ ಹೂ ಬಿಡಿಸುತ್ತಿದ್ದ ಅತ್ತೆ ಬುಟ್ಟಿ ಕೆಳಗಿಟ್ಟು, "ಮನೆ ಕಟ್ಟಿಸಿದವನನ್ನ ಬೀದೀಲಿ ಮಲಗಿಸ್ತಾರೇನೋ? ಹೋಗಿ ಗೇಟು ತೆಗಿ," ಎಂದು ಮಗನಿಗೆ ಗದರಿದರು.

ಜಗಲಿಯ ಮೇಲೆ ಹೆಣವನ್ನು ಗೋಡೆಗೊರಗಿಸಿ ಕೂರಿಸಿದರು. ಬಿಡಿಸಿಟ್ಟ ಹೂವನ್ನೆಲ್ಲ ಅತ್ತೆಯೇ ತಂದು ಸುರಿದರು. ಅವರ ಹೆಂಡತಿಯನ್ನು ನಾನು ನೋಡಿದ್ದು ಆವತ್ತೇ ಮೊದಲು. ಅಳಲಿಲ್ಲ. ಗಂಡನ ಕಾಲ ಬಳಿ ಕೂತು, ಬಂದವರಿಗೆಲ್ಲ ಜಾಗ ಮಾಡಿಕೊಡುತ್ತಿದ್ದರು, ಮನೆಯೊಡತಿಯ ಹಾಗೆ.

ಮಣ್ಣು ಮಾಡಿ ಬಂದ ಮೇಲೆ ಪೊರಕೆ ಕೇಳಿದರು.

"ಬಿಡಿ ಅಕ್ಕಾ, ನಾನು ತೊಳೀತೀನಿ."

"ಬೇಡ. ಇದೊಂದು ನಾನು ಮಾಡ್ತೀನಿ."

ಜಗಲಿ, ಮೆಟ್ಟಿಲು, ಅಂಗಳ ಎಲ್ಲವನ್ನೂ ತೊಳೆದರು. ನಾನು ನೀರು ತಂದು ಕೊಡುತ್ತಾ ಹೋದೆ. ಟೀ ಮಾಡಿ ಒಳಗೆ ಕರೆದರೆ ಹೊಸ್ತಿಲು ದಾಟಲಿಲ್ಲ; ಮೆಟ್ಟಿಲ ಮೇಲೇ ಕೂತು ಕುಡಿದರು.

ಆಮೇಲೆ ಶಿಕಾರಿಪುರದ ಕಡೆ ತಮ್ಮನ ಮನೆಗೆ ಹೋದರಂತೆ. ಮಾಸಿಕಕ್ಕೆ ಇಲ್ಲಿಗೇ ಬನ್ನಿ ಎಂದು ಬ್ರೋಕರ್ ಹತ್ತಿರ ಹೇಳಿಕಳಿಸಿದೆವು. ಬರಲಿಲ್ಲ.