ಅಪ್ಪ ಅವನ ಕೈಗೆ ಕೊಟ್ಟ ಉಳಿ

ಅರಕಲಗೂಡಿನ ತವರಿಗೆ ಹೋಗಿದ್ದ ಹೆಂಡತಿ ಬರುವಾಗ ಒಂದು ಚೀಲ ರಾಗಿಹಿಟ್ಟು ತಂದಿದ್ದಳು. ಮಾರನೆಯ ಬೆಳಿಗ್ಗೆ ಆ ಹಿಟ್ಟಿನ ರೊಟ್ಟಿ ಹೆಂಚಿನ ಮೇಲೆ ಬೇಯುವ ವಾಸನೆಗೇ ನನಗೆ ಕಸಿವಿಸಿಯಾಯಿತು. ಒಂದು ತುಂಡು ಮುರಿದು ಬಾಯಿಗಿಟ್ಟೆ. ಮರಳಿನ ಒಂದು ಕಣವಿಲ್ಲ, ಹಿಟ್ಟು ಕಾದ ಕಹಿಯಿಲ್ಲ... ಹತ್ತು ವರ್ಷದಿಂದ ಇಂಥ ರೊಟ್ಟಿ ತಿಂದಿರಲಿಲ್ಲ. ಇದು ಅವನದೇ ಕೈ ಎಂದುಕೊಂಡೆ. ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು.

ಹೊಳೆನರಸೀಪುರದಲ್ಲಿ ಅಪ್ಪನಿಗೆ ಹಿಟ್ಟಿನ ಮಿಲ್ಲಿತ್ತು. ಹಳ್ಳಿಮೈಸೂರಿನ ಕಡೆಯವರೂ ಬಸ್ಸಿನಲ್ಲಿ ರಾಗಿ ತರುತ್ತಿದ್ದರು. ಒಂದು ಮಧ್ಯಾಹ್ನ ನಲವತ್ತು ದಾಟಿದ ಒಬ್ಬ ಬಂದು ಹೊಸಿಲಾಚೆ ನಿಂತ. ಬಾಗಿಲು ತೆರೆದೇ ಇತ್ತು. ಆದರೂ ಅಪ್ಪ "ಬಾರಯ್ಯ" ಅನ್ನುವವರೆಗೆ ಅವನು ಕಾಲಿಡಲಿಲ್ಲ. ಒಳಗೆ ಬಂದವನು ಬೀಳುತ್ತಿದ್ದ ಹಿಟ್ಟನ್ನು ಚಿಟಿಕೆಯಲ್ಲಿ ಹಿಡಿದು ನೋಡಿದ.

"ಕಲ್ಲು ಸವೆದದೆ ಯಜಮಾನ್ರೇ. ಇಟ್ಟು ಬಿಸಿ ಬತ್ತದೆ."

ಆಮೇಲೆ ಯಾರೂ ಕೇಳದೆಯೇ ಎಲ್ಲ ಹೇಳಿಕೊಂಡ. ಚನ್ನರಾಯಪಟ್ಟಣದ ಕಡೆಯವನು. ಬದುವಿನ ಜಗಳದಲ್ಲಿ ಗುದ್ದಲಿ ಬೀಸಿ ದಾಯಾದಿಯನ್ನು ಕೊಂದು ಹದಿನಾಲ್ಕು ವರ್ಷ ಜೈಲಿನಲ್ಲಿದ್ದ. ಅಲ್ಲಿ ಕೈದಿಗಳ ಊಟಕ್ಕೆ ರಾಗಿ ಬೀಸುವ ಮಿಲ್ಲಿನಲ್ಲಿ ಈ ಕೆಲಸ ಕಲಿತ. ನಡತೆ ನೋಡಿ ಬಿಟ್ಟಿದ್ದರು. ಆದರೆ ಇನ್ನೂ ಕೆಲವು ವರ್ಷ ಯಾರಾದರೂ ಅವನ ಜವಾಬ್ದಾರಿಗೆ ಸಹಿ ಹಾಕಬೇಕಿತ್ತು. ಇಲ್ಲದಿದ್ದರೆ ಮತ್ತೆ ಒಳಗೆ. ಒಡಹುಟ್ಟಿದವರು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದ್ದರಂತೆ.

ಅಪ್ಪನ ಕೈಗೆ ಆಗಲೇ ನಡುಕ ಬಂದಿತ್ತು. ಗೂಡಿನಿಂದ ಉಳಿ ತೆಗೆದು ಅವನ ಕೈಗಿಟ್ಟರು.

ಆ ಉಳಿಗಾಗಿ ನಾನು ಎರಡು ವರ್ಷದಿಂದ ಅಪ್ಪನ ಹಿಂದೆ ಬಿದ್ದಿದ್ದೆ. ಬಿ.ಕಾಂ. ಫೇಲಾಗಿ ಮನೆಯಲ್ಲಿದ್ದೆ. ಬೀಸಿ ಬೀಸಿ ನುಣುಪಾದ ಕಲ್ಲನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡುವುದೇ ಮಿಲ್ಲಿನ ವಿದ್ಯೆ. ಒಮ್ಮೆ ಹಟ ಮಾಡಿ ನಾನೂ ಕುಟ್ಟಿದ್ದೆ. ಕಲ್ಲು ಕುಟ್ಟಿದ ದಿನದ ಮೊದಲ ಹಿಟ್ಟು ಗಿರಾಕಿಗೆ ಕೊಡುವಂತಿಲ್ಲ, ಅದು ಮಿಲ್ಲಿನವರ ಮನೆಗೇ ಹೋಗಬೇಕು. ಮುದ್ದೆಯಾದರೆ ನುಂಗಿಬಿಡುತ್ತೇವೆ, ಮರಳು ಗೊತ್ತಾಗುವುದಿಲ್ಲ. ಹಾಗಾಗಿ ಆ ದಿನ ನಮ್ಮಲ್ಲಿ ರೊಟ್ಟಿ. ನನ್ನ ರೊಟ್ಟಿಯನ್ನು ಅಪ್ಪ ಎರಡು ಸಲ ಅಗಿದು ತಟ್ಟೆಯ ಅಂಚಿಗೆ ಇಟ್ಟಿದ್ದರು. ಬೈದಿದ್ದರೂ ಚೆನ್ನಾಗಿತ್ತು.

ಅವನ ರೊಟ್ಟಿಯನ್ನು ಕಣ್ಣು ಮುಚ್ಚಿ ಪೂರ್ತಿ ತಿಂದರು. "ಕೈ ಅಂದ್ರೆ ಇದು ಕಣ್ಲಾ" ಎಂದರು, ನನ್ನನ್ನು ನೋಡುತ್ತಾ. ಮರುದಿನವೇ ಹೋಗಿ ಸಹಿ ಹಾಕಿಬಂದರು.

ಮೊದಮೊದಲು ಹೆಂಗಸರು ಅವನಿದ್ದಾಗ ಮಿಲ್ಲಿನೊಳಗೆ ಬರುತ್ತಿರಲಿಲ್ಲ. ಆರು ತಿಂಗಳಿಗೆ ಡಬ್ಬಗಳನ್ನು ಅವನ ಮುಂದೆ ಸಾಲಾಗಿಟ್ಟು ಸಂತೆಗೆ ಹೋಗಿ ಬರತೊಡಗಿದರು. ಎಲ್ಲರ ಬಾಯಲ್ಲೂ ಮಿಲ್ಲಿನಣ್ಣನಾದ. ನಾನು ಮಾತ್ರ ಒಮ್ಮೆಯೂ ಅಣ್ಣ ಅನ್ನಲಿಲ್ಲ. ಅಪ್ಪ ತಮ್ಮ ಹಳೆಯ ಸ್ವೆಟರನ್ನು ಅವನಿಗೆ ಕೊಟ್ಟಾಗ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆ ಸ್ವೆಟರು ನನಗೆ ಬೇಕಾಗಿರಲೂ ಇಲ್ಲ...

ಒಂದು ದಿನ ಅವನೇ ಉಳಿ ಚಾಚಿದ. "ಬನ್ನಿ ಚಿಕ್ಕೆಜಮಾನ್ರೇ, ಇಡ್ಕಂಡು ನೋಡಿ. ಒಂದು ವಾರಕ್ಕೆ ಕೈಗೆ ಬತ್ತದೆ."

"ಕೊಲೆ ಮಾಡ್ದೋನ ಹತ್ರ ನಾನು ಕಲಿಯೋದೇನಿಲ್ಲ" ಎಂದೆ. ಅವನು ತಲೆ ಬಗ್ಗಿಸಿ ಕುಟ್ಟುವುದನ್ನು ಮುಂದುವರಿಸಿದ.

ಮೂರು ವರ್ಷಕ್ಕೆ ಅಪ್ಪ ಹೋದರು. ತಿಥಿ ಮುಗಿದ ಮೇಲೆ ಜೈಲು ಇಲಾಖೆಯ ಅಧಿಕಾರಿಯೊಬ್ಬರು ಮಿಲ್ಲಿಗೆ ಬಂದರು. ಅಪ್ಪನ ಜಾಗದಲ್ಲಿ ಈಗ ನೀವು ಸಹಿ ಹಾಕುತ್ತೀರಾ ಎಂದು ಕೇಳಿದರು. ಅವನು ನಾಲ್ಕು ಮಾರು ದೂರದಲ್ಲಿ ಕಲ್ಲು ಕುಟ್ಟುತ್ತಿದ್ದ. ಸಹಿ ಇಲ್ಲದಿದ್ದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಅವರ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ ಸಾ" ಎಂದೆ.

ಕುಟ್ಟುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಹದಿನೈದು ದಿನದೊಳಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕು ಎಂದು ಅವನಿಗೆ ಹೇಳಿ ಅಧಿಕಾರಿ ಹೋದರು. ಅವನು ಕಲ್ಲು ಕೂರಿಸಿ, ಮೊದಲ ಹಿಟ್ಟು ಬೀಸಿ ಅಮ್ಮನಿಗೆ ಕೊಟ್ಟ. ಉಳಿಯನ್ನು ಒರೆಸಿ ಗೂಡಿನಲ್ಲಿಟ್ಟ. ಬರುವಾಗ, ಹೋಗುವಾಗ ಯಾರಾದರೂ ಹೇಳುವವರೆಗೆ ನಿಲ್ಲುತ್ತಿದ್ದವನು ಅಂದು ಮಾತ್ರ ಕಾಯದೆ ಹೊಸಿಲು ದಾಟಿ ಹೋದ.

"ನಿನ್ನ ಒಟ್ಟೆಕಿಚ್ಚಿಗೆ ಬೆಂಕಿ ಬೀಳ" ಎಂದಳು ಅಮ್ಮ. ಆ ದಿನ ರೊಟ್ಟಿ ತಟ್ಟಲಿಲ್ಲ.

ಅವನು ಮತ್ತೆ ಜೈಲು ಸೇರಿದನೋ ಏನೋ ಎಂದು ನಾನು ವಿಚಾರಿಸಲಿಲ್ಲ. ವಿಚಾರಿಸಲು ಹೆದರಿಕೆ. ವರ್ಷದೊಳಗೆ ನಮ್ಮ ಹಿಟ್ಟು ಕಾಯತೊಡಗಿ ಗಿರಾಕಿಗಳು ಚದುರಿದರು. ಮಿಲ್ಲಿದ್ದ ಜಾಗದಲ್ಲಿ ಈಗ ನಲ್ಲಿ, ಪೈಪು ಮಾರುತ್ತೇನೆ.

ರೊಟ್ಟಿ ತಿಂದ ಮಾರನೆಯ ದಿನ ಉಳಿಯನ್ನು ಚೀಲದಲ್ಲಿ ಹಾಕಿಕೊಂಡು ಅರಕಲಗೂಡಿಗೆ ಹೋದೆ. ಅವನ ಕೈಗೇ ಕೊಟ್ಟು, ತಪ್ಪಾಯಿತು ಅಣ್ಣ ಎನ್ನಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಿದ್ದೆ. ಹೆಂಡತಿ ಹೇಳಿದ್ದ ಮಿಲ್ಲಿನಲ್ಲಿ ಐವತ್ತರ ಹೆಂಗಸೊಬ್ಬರು ತಲೆಯೆಲ್ಲ ಹಿಟ್ಟು ಮಾಡಿಕೊಂಡು ಕೂತಿದ್ದರು. ಅವರದೇ ಮಿಲ್ಲು. ಕಲ್ಲು ಕುಟ್ಟುವವನು ಎಲ್ಲಿ ಎಂದು ಕೇಳಿದೆ.

"ಅವ್ನು ಓದ್ ಆಷಾಢದಲ್ಲಿ ತೀರೋದ ಕಣಪ್ಪ" ಎಂದರು. "ಈಗ ಕಲ್ಲು ನಾನೇ ಕುಟ್ಕತೀನಿ. ಅವ್ನೇ ಕಲ್ಸಿದ್ದು."

ಸಹಿ ಹಾಕಲು ಭಯವಾಗಲಿಲ್ಲವೇ ಎಂದು ಕೇಳಿದೆ.

"ಎಲ್ಲಾ ಏಳ್ಕಂಡ. ಒಂದಿನ ಕಲ್ಲು ಕುಟ್ಟಿಸ್ದೆ, ರೊಟ್ಟಿ ತಿಂದೆ, ಸೈನ್ ಆಕ್ದೆ. ನೀನು ಏನಾಗ್ಬೇಕು ಅವ್ನಿಗೆ?"

ಮೂರು ವರ್ಷ ಅವನ ಕೈಯ ರೊಟ್ಟಿ ತಿಂದವನಿಗೆ ಆಗದ್ದು ಈಕೆಗೆ ಒಂದೇ ದಿನದಲ್ಲಿ ಆಗಿತ್ತು. ಈಕೆಯ ಮೇಲೂ ಹೊಟ್ಟೆ ಉರಿಯಿತು. ಅವನು ಮೊದಲು ಕೆಲಸಕ್ಕಿದ್ದ ಮಿಲ್ಲಿನ ಯಜಮಾನರ ಮಗ ಎಂದೆ.

ಅವರ ಮುಖ ಅರಳಿತು. "ನಿಮ್ಮಪ್ಪಾರ ಉಳಿ ಅದಾ ಇನ್ನೂ? ಅಂಥ ಉಳಿ ಆಮೇಲೆ ಸಿಗ್ಲೇ ಇಲ್ಲ ಅಂತಿದ್ದ."

ಚೀಲ ನನ್ನ ತೊಡೆಯ ಮೇಲೇ ಇತ್ತು. "ಎಲ್ಲೋ ಕಳೆದುಹೋಯ್ತು" ಎಂದೆ.

ಅದೀಗ ಅಂಗಡಿಯ ಮೇಜಿನ ಮೇಲಿದೆ, ಕೊನೆಗೂ ನನ್ನದಾಗಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೈಗೆ ತೆಗೆದುಕೊಳ್ಳುತ್ತೇನೆ. ಅಪ್ಪನ ಹೆಬ್ಬೆರಳು, ಆಮೇಲೆ ಅವನ ಹೆಬ್ಬೆರಳು ಒತ್ತಿ ಸವೆದ ಒಂದು ಗುಳಿ ಅದರ ಮೇಲಿದೆ... ಅಲ್ಲಿ ನನ್ನ ಬೆರಳು ಕೂರುವುದಿಲ್ಲ.