ಎಳನೀರು ಕಸಿದವಳು

ಮಚ್ಚಿನ ಏಟಿಗೆ ಎಳನೀರಿನ ತಲೆ ಹಾರಿತು. ಹಸಿ ಸಿಪ್ಪೆಯ ಒಗರು ವಾಸನೆ ಮೂಗಿಗೆ ಬಂತು. ನಮ್ಮ ಯಜಮಾನರ ತಿಥಿಗೆಂದು ವರ್ತೂರು ಕೆರೆ ಏರಿಯ ಮೇಲೆ ಎಳನೀರು ಕೊಳ್ಳಲು ನಿಂತಿದ್ದೆ. ಆ ವಾಸನೆಗೆ ಅವರಿಗಿಂತ ಮೊದಲು ನೆನಪಾದವಳು ಆ ನರ್ಸಮ್ಮ...

ಯಜಮಾನರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಿಡ್ನಿಯನ್ನೂ ತಿಂದಿತು. ಒಂದು ದಿನ ಕೈಕಾಲು ಸೋತು ಬಿದ್ದರು. ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿದ್ದಳು ಇವಳು. ಬಡಗಣ ಸೀಮೆಯ ಎತ್ತರದ ಹೆಂಗಸು, ಗಂಟಲು ವಾರ್ಡಿನ ಆಚೆ ತುದಿಗೂ ಕೇಳಬೇಕು. ಕುಡಿಯುವ ನೀರನ್ನು ಅಳೆದು ಕೊಡುತ್ತಿದ್ದಳು, ಉಚ್ಚೆಯನ್ನೂ ಅಳೆಯುತ್ತಿದ್ದಳು. ಅವರು ಬಾಯಾರಿ ನಾಲಿಗೆ ಚಾಚಿದರೆ ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತಿದ್ದಳು, ಅಷ್ಟೇ. ನನಗೆ ಮೈ ಉರಿಯುತ್ತಿತ್ತು.

ನಮ್ಮ ಕಡೆ ಆಸ್ಪತ್ರೆಗೆ ಬರಿಗೈಲಿ ಹೋಗುವ ರೂಢಿ ಇಲ್ಲ. ಎಳನೀರು ಹಿಡಿದೇ ಹೋಗಬೇಕು. ನನ್ನ ಮೈದುನ ತೋಟದಿಂದ ಗೊನೆಯನ್ನೇ ಹೊತ್ತು ತಂದ. ಒಂದನ್ನು ಕೊಚ್ಚಿ ಚೊಂಬಿಗೆ ಸುರಿದು, ಟವೆಲ್ ಮುಚ್ಚಿ ಒಳಗೆ ತಂದು ಅಣ್ಣನ ಬಾಯಿಗೆ ಹಿಡಿದ. ಒಂದು ಹನಿ ಇಳಿಯುವ ಮೊದಲೇ ನರ್ಸಮ್ಮ ಬಂದು ಚೊಂಬು ಕಿತ್ತುಕೊಂಡಳು.

“ಬಾಯಾರಿರೋ ಮನ್ಸಂಗೆ ಎಳ್ನೀರು ಬ್ಯಾಡ ಅಂತೀಯಲ್ಲಮ್ಮ, ನಿಮ್ಮನೇಲೂ ಇಂಗೇನಾ?” ಸೆರಗು ಬಿಗಿದು ಜಗಳಕ್ಕೆ ನಿಂತೆ ನಾನು.

“ಆಮ್ಯಾಲೆ ಬೈರಿ ಅವ್ವಾರ. ರಕ್ತದಾಗ ಪೊಟ್ಯಾಸಿಯಂ ಅನ್ನೋ ಉಪ್ಪು ಏರೈತಿ, ಕಿಡ್ನಿ ಹೊರಗ ಹಾಕವಲ್ಲದು. ಎಳನೀರಿನಾಗ ಅದ ಉಪ್ಪು ತುಂಬೈತಿ. ಕುಡಿಸಿದ್ರ ಎದಿ ನಿಲ್ತೈತಿ!”

ಮಾತು ಮುಗಿಯುತ್ತಿದ್ದಂತೆ ತಲೆಯ ಹತ್ತಿರದ ಪೆಟ್ಟಿಗೆ ಕೂಗಿತು. ಎದೆಬಡಿತದ ಗೆರೆ ಚೂಪು ಗುಡ್ಡಗಳ ಹಾಗೆ ಏಳುತ್ತಿತ್ತು, ತಡವರಿಸುತ್ತಿತ್ತು... ಅವಳು ಡಾಕ್ಟರನ್ನು ಕೂಗಿದಳು. ಅವರು ಹೇಳಿದ ಮದ್ದನ್ನು ನರಕ್ಕೆ ನಿಧಾನವಾಗಿ ಬಿಟ್ಟಳು, ಕಣ್ಣು ಮಾತ್ರ ಆ ಗೆರೆಯ ಮೇಲೆ. ಆಮೇಲೆ ಆ ಉಪ್ಪು ಇಳಿಸಲು ಇನ್ಸುಲಿನ್, ಜೊತೆಗೆ ಗ್ಲೂಕೋಸು. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆಯೇ ಎಂದು ಮೈದುನ ಬಾಯಿ ತೆರೆದ. ನಾನೇ ಮುಚ್ಚಿಸಿದೆ. ಕೊನೆಗೆ ಡಯಾಲಿಸಿಸ್ಸಿಗೆ ಒಯ್ದರು.

ಅವತ್ತಿನಿಂದ ಆ ಬಾಗಿಲಿಗೆ ಇಬ್ಬರು ಕಾವಲು. ಒಳಗೆ ಅವಳು, ಹೊರಗೆ ಬೆಂಚಿನ ಮೇಲೆ ನಾನು. ಬೀಗರು, ಬಾಡಿಗೆಯವರು, ಯಾರೇ ಎಳನೀರು ತರಲಿ, ನನ್ನ ಬೆಂಚಿನ ಕೆಳಗೆ ಉರುಳಿಸಿಯೇ ಒಳಗೆ ಹೋಗಬೇಕು. ಮುನಿಸಿಕೊಂಡು ಹೋದವರೂ ಇದ್ದಾರೆ. ಹೋಗಲಿ.

ಪೆಟ್ಟಿಗೆಯ ಗೆರೆಯಲ್ಲಿ ಗುಡ್ಡಗಳು ಇಳಿದವು. ಒಂದು ಬೆಳಿಗ್ಗೆ ಯಜಮಾನರು ನನ್ನತ್ತ ಕಣ್ಣು ಕೆಕ್ಕರಿಸಿ, “ಏಯ್, ಎಲ್ಲಾ ಎಳ್ನೀರೂ ನೀನೇ ಕುಡ್ದ್‌ಬಿಟ್ಟೇನೇ?” ಎಂದರು. ನರ್ಸಮ್ಮ ಚಪ್ಪಾಳೆ ತಟ್ಟಿದಳು.

“ಗೆದ್ವಿ ನೋಡ್ರಿ ಅವ್ವಾರ! ಬೈಯಾಕ ಹತ್ಯಾರ!”

ಮನೆಗೆ ಹೊರಟ ದಿನ ಬೆಂಚಿನಡಿಯ ಎಳನೀರನ್ನೆಲ್ಲ ಕೊಚ್ಚಿಸಿ ಆಯಾಗಳಿಗೆ, ವಾಚ್‌ಮನ್‌ಗಳಿಗೆ ಹಂಚಿದೆವು. ನರ್ಸಮ್ಮ ಯಜಮಾನರ ಎದುರಿಗೇ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು. ಅವರು ಗುರ್ ಎಂದರು. ಅಲ್ಲಿದ್ದವರೆಲ್ಲ ನಕ್ಕರು.

ಆಮೇಲೂ ಅವರು ಬದುಕಿದರು. ಮೊಮ್ಮಗಳ ಮದುವೆ ನೋಡಿದರು, ಸಾರು ಸಪ್ಪೆ ಎಂದು ತಟ್ಟೆ ನೂಕಿದರು. ಎಳನೀರು ಮಾತ್ರ ಕೊನೆಯವರೆಗೂ ಸಿಗಲಿಲ್ಲ. ನರ್ಸಮ್ಮನೂ ತೀರಿಕೊಂಡಳೆಂದು ಈಚೆಗೆ ಆ ಆಸ್ಪತ್ರೆಯ ಆಯಾ ಹೇಳಿದಳು. ಅಷ್ಟು ದೊಡ್ಡ ಗಂಟಲು...

ಇವತ್ತು ಎಡೆಯ ಮುಂದೆ ಎಳನೀರಿಟ್ಟು, “ಕುಡೀರಿ, ಇನ್ನೇನೂ ಆಗಲ್ಲ” ಎಂದೆ. ಆಮೇಲೆ ಅಲ್ಲೂ ಅವಳು ಕಿತ್ತುಕೊಂಡಾಳೆಂದು, ಪಕ್ಕದಲ್ಲಿ ಅವಳಿಗೂ ಒಂದು ಇಟ್ಟೆ.